ಶನಿವಾರದ ಮಾತುಕತೆ: ಪತ್ತೇದಾರ ಪೆಟ್ರೊಸಿನೊ

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ 7 ಗಂಟೆಗೆ ಗೂಗಲ್ ಮೀಟ್‌ನಲ್ಲಿ ಸೇರೋಣ. ಈ ಸಲ ನ್ಯೂಯಾರ್ಕ್ ಪೊಲೀಸ್ ಪತ್ತೇದಾರ ಜೋಸೆಫ್ ಪೆಟ್ರೊಸಿನೊ ಬಗ್ಗೆ.

ಹುಟ್ಟಿದ್ದು 1860ರಲ್ಲಿ, ದಕ್ಷಿಣ ಇಟಲಿಯ ಪಡುಲಾದಲ್ಲಿ. ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದವರು. ಬೂಟ್ ಪಾಲಿಶ್ ಮಾಡಿದರು, ಬೀದಿ ಗುಡಿಸಿದರು, 1883ರಲ್ಲಿ ಪೊಲೀಸ್ ಸೇರಿದರು. ಆಗ ಇಲಾಖೆಯಲ್ಲಿ ಐರಿಷ್ ಮೂಲದವರದ್ದೇ ಕಾರುಬಾರು. ಇಟಾಲಿಯನ್ ಕೇರಿಗಳಲ್ಲಿ 'ಬ್ಲ್ಯಾಕ್ ಹ್ಯಾಂಡ್' ಹೆಸರಲ್ಲಿ ಬೆದರಿಕೆ ಪತ್ರ ಬರೆದು ಹಣ ಕೀಳುತ್ತಿದ್ದವರನ್ನು ಹಿಡಿಯಲು ಅಲ್ಲಿನ ಆಡುಮಾತು ಬಲ್ಲವರೇ ಬೇಕಿತ್ತು.

1903ರ ಪೀಪಾಯಿ ಕೊಲೆ ಪ್ರಕರಣವನ್ನು ಮೊದಲೇ ಓದಿಕೊಂಡು ಬನ್ನಿ. ಪೀಪಾಯಿಯಲ್ಲಿ ಸಿಕ್ಕ ಹೆಣ ಯಾರದೆಂದೇ ಗೊತ್ತಿರಲಿಲ್ಲ. ಪೆಟ್ರೊಸಿನೊ ಅದರ ಫೋಟೊ ಹಿಡಿದು ಸಿಂಗ್ ಸಿಂಗ್ ಜೈಲಿಗೇ ಹೋದರು; ಅಲ್ಲಿದ್ದ ಕೈದಿಯೊಬ್ಬ ನೋಡಿದವನೇ 'ಇವನು ನನ್ನ ಭಾವ' ಎಂದು ಗುರುತು ಹಿಡಿದ. ಆದರೂ ಕೊಲೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ, ಅದು ಬೇರೆ ಮಾತು.

1909ರಲ್ಲಿ ಅಪರಾಧಿಗಳ ಹಳೇ ದಾಖಲೆ ತರಲು ಗುಟ್ಟಾಗಿ ಇಟಲಿಯ ಸಿಸಿಲಿ ದ್ವೀಪಕ್ಕೆ ಹೊರಟರು. ಆದರೆ ಆ ಸುದ್ದಿ ನ್ಯೂಯಾರ್ಕ್ ಪತ್ರಿಕೆಯಲ್ಲೇ ಅಚ್ಚಾಗಿಬಿಟ್ಟಿತು! ಬಾಯಿಬಿಟ್ಟಿದ್ದು ಅವರದೇ ಪೊಲೀಸ್ ಕಮಿಷನರ್ ಬಿಂಗ್ಹ್ಯಾಮ್. ನನಗಂತೂ ಇದು ಕ್ಷಮಿಸುವಂಥ ತಪ್ಪಲ್ಲ ಅನ್ನಿಸುತ್ತದೆ. ಬೇರೆ ಅಭಿಪ್ರಾಯ ಇದ್ದವರು ಶನಿವಾರ ವಾದಕ್ಕೆ ಬನ್ನಿ. ಮಾರ್ಚ್ 12ರ ರಾತ್ರಿ ಸಿಸಿಲಿಯ ಪಲೆರ್ಮೊ ನಗರದ ಪಿಯಾಝಾ ಮರೀನಾ ಚೌಕದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು.

ಲಿಂಕ್ ಶುಕ್ರವಾರ ಹಾಕ್ತೀನಿ. ಬರುವವರು ಇಲ್ಲೇ ಹೆಸರು ಹಾಕಿ. ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಈ ಸೂಚನೆ ಕಳೆದುಹೋಗದಿರಲಿ, ದಯವಿಟ್ಟು.