ಪಿತ್ತ ಅಂತ ಸುಮ್ನೆ ಕೂರಬೇಡ ಮಾರಾಯ

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ರಾತ್ರಿ ಎರಡು ಸಲ ಕೇಳಿದೆ. ಹದಿನೈದು ದಿನದಿಂದ ಹೊಟ್ಟೆ ತೊಳಸುತ್ತದೆ, ವಾಂತಿ ಬಂದ ಹಾಗಾಗುತ್ತದೆ, ಆದರೆ ಬರುವುದಿಲ್ಲ, ಪಿತ್ತ ಇರಬೇಕು ಅಂದೆಯಲ್ಲ, ಆ ಪಿತ್ತ ಅನ್ನುವ ಮಾತು ಕೇಳಿ ನನಗೆ ಹೆದರಿಕೆಯಾಯಿತು. ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯಾ ಕಡೆ ತಲೆ ತಿರುಗಿದರೂ ಪಿತ್ತ, ಓಕರಿಕೆ ಬಂದರೂ ಪಿತ್ತ. ಹಾಗೆ ಹೇಳಿಕೊಂಡೇ ನಾನು ಆರು ದಿನ ಕಳೆದೆ.

ಎರಡು ವರ್ಷದ ಹಿಂದಿನ ಮೇ ತಿಂಗಳು ಅದು. ಅಮ್ಮ ತೆಂಗಿನೆಣ್ಣೆಯಲ್ಲಿ ಸಾಸಿವೆ ಸಿಡಿಸಿದರೆ ಸಾಕು, ಆ ವಾಸನೆಗೆ ನಾನು ಅಂಗಳಕ್ಕೆ ಓಡುತ್ತಿದ್ದೆ. ಅನ್ನ ಕಂಡರೆ ಆಗದು, ಚಹಾ ಸೇರದು. ಶುಂಠಿ ಕಷಾಯ ಆಯಿತು, ಜೀರಿಗೆ ಕಷಾಯ ಆಯಿತು, ಪುನರ್ಪುಳಿ ಶರಬತ್ತೂ ಆಯಿತು. ಆರನೇ ದಿನ ಬೆಳಿಗ್ಗೆ ಮೂತ್ರ ನೋಡಿದರೆ ಕಟ್ಟನ್ ಚಾಯದ, ಅಂದರೆ ಹಾಲು ಹಾಕದ ಚಹಾದ ಬಣ್ಣ. ಅಮ್ಮ ನನ್ನನ್ನು ಜಗಲಿಯ ಬೆಳಕಿಗೆ ಕರೆದು, ಕೆಳಗಿನ ರೆಪ್ಪೆ ಬೆರಳಲ್ಲಿ ಎಳೆದು ನೋಡಿ, ಏನೂ ಮಾತಾಡದೆ ಒಳಗೆ ಹೋಗಿ ಕೊಡೆ ತಂದರು. ಕಣ್ಣು ಅರಿಶಿನ ಹಚ್ಚಿದ ಹಾಗಿತ್ತು. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಎ ಅಂತ ಬಂತು, ಅಂದರೆ ಕೊಳಕು ನೀರು, ಆಹಾರದಿಂದ ಹರಡುವ ವೈರಸ್ಸಿನ ಕಾಮಾಲೆ.

ಡಾಕ್ಟರು ಕೇಳಿದ್ದು ನಿನ್ನೆ ಏನು ತಿಂದೆ ಅಂತ ಅಲ್ಲ, ಹಿಂದಿನ ತಿಂಗಳು ಎಲ್ಲೆಲ್ಲಿ ನೀರು ಕುಡಿದೆ ಅಂತ. ಈ ವೈರಸ್ ಒಳಗೆ ಹೋಗಿ 15ರಿಂದ 50 ದಿನದ ಮೇಲೆ ತಲೆ ಎತ್ತುತ್ತದಂತೆ. ಆಗ ನೆನಪಾಯಿತು, ಆ ಸಮಯದಲ್ಲಿ ನಾಲ್ಕು ಮದುವೆ, ನಾಲ್ಕು ಕಡೆಯೂ ಬಾಗಿಲಲ್ಲೇ ಐಸ್ ಹಾಕಿದ ವೆಲ್‌ಕಮ್ ಡ್ರಿಂಕ್. 2024ರಲ್ಲಿ ಎರ್ನಾಕುಳಂ ಜಿಲ್ಲೆಯ ವೇಂಗೂರಿನಲ್ಲಿ ನಲ್ಲಿ ನೀರಿನಿಂದಲೇ ಊರಿಗೆ ಊರೇ ಈ ಕಾಮಾಲೆಯಲ್ಲಿ ಮಲಗಿತ್ತು, ಗೊತ್ತುಂಟಲ್ಲ? ಇನ್ನೊಂದು, ಕೆಲವು ಹೋಟೆಲುಗಳಲ್ಲಿ ಬಿಸಿ ಜೀರಿಗೆ ನೀರಿಗೆ ಪಕ್ಕದ ಕೊಡಪಾನದ ತಣ್ಣೀರು ಬೆರೆಸಿ ಉಗುರು ಬೆಚ್ಚಗೆ ಮಾಡಿ ಕೊಡುತ್ತಾರೆ, ಅಲ್ಲಿಗೆ ಕುದಿಸಿದ್ದು ಪೂರಾ ದಂಡ. ಈಗ ನಾನು ಎಲ್ಲಿ ಹೋದರೂ ಮನೆಯ ನೀರಿನ ಬಾಟಲಿ ಹಿಡಿದೇ ಹೋಗುವುದು.

ನಿನ್ನದು ಕಾಮಾಲೆ ಅಂತ ನಾನು ಹೇಳುತ್ತಿಲ್ಲ. ನನಗೆ ಸಂಶಯ ಇರುವುದು ಆ ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯ ಮೇಲೆ. ಮೆಟ್‌ಫಾರ್ಮಿನ್ ಅಲ್ವಾ? ಅದು ಶುರುಮಾಡಿದ ಹೊಸದರಲ್ಲಿ ಎಷ್ಟೋ ಜನರಿಗೆ ಹೊಟ್ಟೆ ತೊಳಸುತ್ತದೆ, ಅದರಲ್ಲೂ ನೀನು ಖಾಲಿ ಹೊಟ್ಟೆಗೆ ನುಂಗಿ ಬಸ್ ಹಿಡಿಯುವವನು. ಊಟದ ಜೊತೆ ತೆಗೆದುಕೊಂಡರೆ ಕಡಿಮೆ ಆಗುತ್ತದೆ. ನಿಧಾನಕ್ಕೆ ಕರಗುವ ಮಾತ್ರೆಯೂ ಇದೆ, ಡಾಕ್ಟರ ಹತ್ತಿರ ಕೇಳು, ನೀನಾಗಿ ಮಾತ್ರ ನಿಲ್ಲಿಸಬೇಡ. ನೋವಿನ ಮಾತ್ರೆ, ಕಬ್ಬಿಣದ ಮಾತ್ರೆ, ಕೆಲವು ಆ್ಯಂಟಿಬಯೋಟಿಕ್ ಕೂಡ ಹೀಗೆ ಮಾಡುತ್ತವೆ. ಅದಕ್ಕೇ ಹೇಳುವುದು, ಯಾವಾಗ ಬರುತ್ತದೆ, ಏನು ತಿಂದ ಮೇಲೆ, ಎಷ್ಟು ಹೊತ್ತಿಗೆ ಅಂತ ಮೂರು ದಿನ ಬರೆದಿಡು. ನಿನ್ನೆಯ ಅನ್ನ ಹೊರಗೇ ಇಟ್ಟು ಬೆಳಿಗ್ಗೆ ತಿಂದು ಒಂದೆರಡು ಗಂಟೆಯಲ್ಲಿ ಕಾರಿದರೆ ಅದು ಕೆಟ್ಟ ಅನ್ನದ ಕೆಲಸ ಇರಬಹುದು, ತಲೆಯ ಒಂದೇ ಬದಿ ಸಿಡಿಯುತ್ತಾ ಬೆಳಕು ನೋಡಲಾಗದೆ ಓಕರಿಕೆ ಬಂದರೆ ಮೈಗ್ರೇನ್ ಇರಬಹುದು.

ಸದ್ಯಕ್ಕೆ ಹೊಟ್ಟೆ ತುಂಬ ಉಣ್ಣಬೇಡ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಕುಚ್ಚಿಲಕ್ಕಿ ಗಂಜಿಯ ತೆಳಿಗೆ ಒಂದು ಚಿಟಿಕೆ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿ. ಶುಂಠಿ ನಿಜಕ್ಕೂ ಒಳ್ಳೆಯದು, ಬಸುರಿಯರ ಓಕರಿಕೆಗೂ ಅದು ಸ್ವಲ್ಪ ಮಟ್ಟಿಗೆ ಸಹಾಯ ಮಾಡುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ಎಣ್ಣೆ ತಿಂಡಿ ಬಿಡು, ಉಂಡ ಕೂಡಲೇ ಮಲಗಬೇಡ. ವಾಂತಿ ಶುರುವಾದರೆ ಓಆರ್‌ಎಸ್ ಪೊಟ್ಟಣ ತಾ, ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚ, ಮಟ್ಟ ಮಾಡಿ ಅಳೆದದ್ದು. ಉಪ್ಪು ಜಾಸ್ತಿ ಆಗಬಾರದು. ನಿನಗೆ ಸಕ್ಕರೆ ಇರುವುದರಿಂದ ಇದನ್ನು ಕುಡಿಯುವಾಗ ಡಾಕ್ಟರಿಗೆ ಒಂದು ಫೋನ್ ಮಾಡು.

ಆದರೆ ಓಕರಿಕೆಯ ಜೊತೆ ಎದೆ ಹಿಂಡಿದ ಹಾಗಾಗಿ ತಣ್ಣನೆ ಬೆವರು ಬಂದರೆ ಕಷಾಯ ಕಾಯಿಸುತ್ತಾ ಕೂರಬೇಡ. ಸಕ್ಕರೆ ಇರುವವರಿಗೆ ಹೃದಯಾಘಾತ ಎದೆನೋವೇ ಇಲ್ಲದೆಯೂ ಬರುವುದುಂಟು. ವಾಂತಿಯಲ್ಲಿ ರಕ್ತ ಕಂಡರೆ, ನೀರೂ ನಿಲ್ಲದಿದ್ದರೆ, ಮೂತ್ರ ಬರುವುದೇ ನಿಂತರೆ, ಆಗಲೇ ಹೊರಡು. ರಾತ್ರಿ ಎಷ್ಟು ಹೊತ್ತಾದರೂ ಸರಿ.

ಭೂತಕೋಲಕ್ಕೆ ಬರುತ್ತೀ ಅಲ್ವಾ? ಸಂಪಾಜೆ ಘಾಟಿಯಲ್ಲಿ ಪ್ರತಿ ಸಲ ಕಿಟಕಿಯಾಚೆ ತಲೆ ಹಾಕಿ ಕೂತವನು ನೀನು. ಕಣ್ಣು ಫೋನಿನ ಮೇಲೆ, ಒಳಗಿವಿಗೆ ಮಾತ್ರ ತಿರುವಿನ ಲೆಕ್ಕ, ಎರಡೂ ತಾಳೆ ಆಗದೆ ಹೊಟ್ಟೆ ಮಗುಚುತ್ತದೆ. ಮುಂದಿನ ಸೀಟು ಹಿಡಿ, ದೂರದ ದಾರಿ ನೋಡು. ಬಸ್ಸಿನಲ್ಲಿ ವಾಂತಿ ಬಾರದಿರುವ ಮಾತ್ರೆ ತೆಗೆದುಕೊಳ್ಳುವುದಾದರೆ ಬಸ್ ಹತ್ತುವ ಅರ್ಧ ಗಂಟೆಯಾದರೂ ಮೊದಲೇ. ನಾನು ಮುಳ್ಳೇರಿಯಾ ಪೇಟೆಯಲ್ಲಿ ಬೈಕ್ ಇಟ್ಟುಕೊಂಡು ಕಾಯುತ್ತೇನೆ.

ಅದಕ್ಕೆ ಮೊದಲು ಇವತ್ತೇ ಕನ್ನಡಿಯಲ್ಲಿ ಕಣ್ಣು ನೋಡಿ ಫೋಟೋ ಕಳಿಸು. ಟ್ಯೂಬ್‌ಲೈಟಿನಲ್ಲಿ ಬೇಡ, ಬಿಸಿಲಲ್ಲಿ ನಿಂತು ತೆಗೆ.

ನಿನ್ನವ