ಘಟ್ಟ ಇಳಿಯುವ ಗಾಡಿಯ ಬ್ರೇಕ್ ಮುಟ್ಟುವವರಿಗೆ ಪರೀಕ್ಷೆ ಇರಲಿ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಕಾರವಾರ, ಅಂಕೋಲಾ, ಕುಮಟಾ ಮತ್ತು ಶಿರಸಿ ಕಡೆಯ ಗ್ಯಾರೇಜ್ ಕೆಲಸಗಾರರ ನಮಸ್ಕಾರಗಳು.

ಕರಾವಳಿಯಿಂದ ಶಿರಸಿಗೆ ಹೊರಟರೆ ದೇವಿಮನೆ, ಯಲ್ಲಾಪುರಕ್ಕೆ ಅರಬೈಲು, ಜೋಯಿಡಾಕ್ಕೆ ಅಣಶಿ, ಸಾಗರದ ಕಡೆಗೆ ಗೇರುಸೊಪ್ಪ. ನಮ್ಮ ಜಿಲ್ಲೆಯಲ್ಲಿ ಘಟ್ಟ ತಪ್ಪಿಸಿ ಓಡಾಡುವಂತಿಲ್ಲ. ಅಲ್ಲಿ ಗಾಡಿ ಓಡಿಸುವವನಿಗೆ ಲೈಸೆನ್ಸ್ ಬೇಕು, ಗಾಡಿಗೆ ಇನ್ಶೂರೆನ್ಸ್ ಬೇಕು, ಬಾಡಿಗೆ ಗಾಡಿಯಾದರೆ ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪತ್ರ) ಬೇಕು. ಅದೇ ಗಾಡಿಯ ಬ್ರೇಕ್ ಬಿಚ್ಚಿ ಜೋಡಿಸಿದವನಿಗೆ ಆ ಕೆಲಸ ಗೊತ್ತಿದೆಯೇ ಎಂದು ಯಾರೂ ಕೇಳುವುದಿಲ್ಲ. ಗ್ಯಾರೇಜಿನ ಟ್ರೇಡ್ ಲೈಸೆನ್ಸ್ ಅಂಗಡಿಗೆ ಕೊಟ್ಟದ್ದು, ಕೆಲಸ ಮಾಡುವ ಕೈಗಲ್ಲ. ಮೆಕ್ಯಾನಿಕ್‌ಗಳ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಜಿಲ್ಲೆಗೆ ಬೇಕು, ಅದು ಬ್ರೇಕ್ ಕೆಲಸದಿಂದಲೇ ಶುರುವಾಗಬೇಕು ಎಂಬುದು ನಮ್ಮ ಬೇಡಿಕೆ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್-4 ದರ್ಜೆಯ ಹೊಸ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ಗಿಂತ ಮೊದಲು ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಟ್ಟದಲ್ಲಿ ಒಂದೇ ಸಮನೆ ಬ್ರೇಕ್ ಒತ್ತುತ್ತ ಇಳಿದರೆ ಡಿಸ್ಕ್ ಕಾದು, ಆ ಬಿಸಿ ಪ್ಯಾಡ್ ಮತ್ತು ಪಿಸ್ಟನ್ ದಾಟಿ ಆಯಿಲ್‌ಗೆ ಬರುತ್ತದೆ. ಕುದಿದ ಆಯಿಲ್ ಪೈಪಿನೊಳಗೆ ಆವಿಯಾಗುತ್ತದೆ. ಕಾಲಿನ ಒತ್ತಡ ಆ ಆವಿಯನ್ನು ಹಿಸುಕುವುದಕ್ಕೇ ಮುಗಿದುಹೋಗಿ ಪೆಡಲ್ ನೆಲಕ್ಕೆ ಹೋಗುತ್ತದೆ. ಗಾಡಿ ತಣ್ಣಗಾದ ಮೇಲೆ ನೋಡಿದರೆ ಪೆಡಲ್ ಮತ್ತೆ ಗಟ್ಟಿ, ಎಲ್ಲೂ ಸೋರಿಕೆ ಇಲ್ಲ. ಏನೂ ದೋಷವಿಲ್ಲ ಎಂದು ಗಾಡಿಯನ್ನು ಹಾಗೆಯೇ ಕಳಿಸಿಬಿಡುವುದು ಇಲ್ಲೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಗಾಳಿ ಹೇಗಿರುತ್ತದೆ ಎಂಬುದು ತಮಗೆ ಗೊತ್ತು. ಮುಚ್ಚಳ ಸಡಿಲವಾಗಿ ಶೆಲ್ಫ್ ಮೇಲೆ ಕೂತ ಅರ್ಧ ಬಾಟಲಿ ಆಯಿಲ್ ಗಾಡಿಗೆ ಹಾಕುವ ಮೊದಲೇ ಕೆಟ್ಟಿರುತ್ತದೆ. ಬಣ್ಣ ನೋಡಿ ತೀರ್ಮಾನಿಸುವಂತಿಲ್ಲ, ತೇವ ಅಳೆಯುವ ಪೆನ್ನಿನಂಥ ಟೆಸ್ಟರ್ ಬೇಕು. ಬಹುತೇಕ ಕಾರುಗಳಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಬೇಕು. ನಮ್ಮಲ್ಲಿ ಕಡಿಮೆಯಾದಷ್ಟನ್ನು ಮೇಲಿಂದ ಸುರಿಯುವುದೇ ರೂಢಿ. ಇನ್ನೂ ಕೆಟ್ಟದ್ದೆಂದರೆ ಕೈಗೆ ಸಿಕ್ಕ ಎಂಜಿನ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್ ಸುರಿಯುವುದು. ಅದು ತಾಗಿದ ರಬ್ಬರ್ ಸೀಲ್ ಉಬ್ಬಿ, ಮಾಸ್ಟರ್ ಸಿಲಿಂಡರಿನಲ್ಲಿ ಆಯಿಲ್ ವಾಪಸ್ ಬರುವ ಸಣ್ಣ ರಂಧ್ರ ಮುಚ್ಚಿಕೊಳ್ಳುತ್ತದೆ. ಕಾಲು ತೆಗೆದರೂ ಬ್ರೇಕ್ ಬಿಡುವುದಿಲ್ಲ. ಆಗ ಆಯಿಲ್ ಬದಲಿಸಿದರೆ ಸಾಲದು, ರಬ್ಬರ್ ಇರುವ ಪ್ರತಿ ಭಾಗವೂ ಹೊಸದಾಗಬೇಕು. ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರ್ ಜಾರುವ ಪಿನ್ನಿಗೆ ಮಾಮೂಲಿ ಗ್ರೀಸ್ ಹಚ್ಚುವುದೂ ಇದೇ ಜಾತಿಯ ತಪ್ಪು. ಪಿನ್ ಬಿಗಿದು, ಒಳಗಿನ ಪ್ಯಾಡ್ ಸವೆದು ಕಬ್ಬಿಣ ಕಂಡಿರುತ್ತದೆ, ಹೊರಗಿನದು ಹೊಸದರಂತೆಯೇ ಇರುತ್ತದೆ. ಚಕ್ರದ ಸಂದಿಯಿಂದ ಇಣುಕುವವನಿಗೆ ಕಾಣುವುದು ಹೊರಗಿನದು ಮಾತ್ರ.

ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ, ಅಂದರೆ ಏರ್ ತೆಗೆಯುವ ಕೆಲಸವೂ ಬದಲಾಗಿದೆ. ಯಾವ ಚಕ್ರದಿಂದ ಶುರು ಮಾಡಬೇಕು ಎಂಬುದನ್ನು ಗಾಡಿಯ ಮ್ಯಾನ್ಯುಯಲ್ ಹೇಳುತ್ತದೆ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದು ಆಯಿಲ್ ಪೂರ್ತಿ ಖಾಲಿಯಾಗಿದ್ದರೆ, ಎಷ್ಟೋ ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿ ಎಬಿಎಸ್ ಪಂಪ್ ಓಡಿಸದೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುವುದಿಲ್ಲ. 125 ಸಿಸಿಗಿಂತ ದೊಡ್ಡ ಬೈಕುಗಳಿಗೂ 2019ರಿಂದ ಎಬಿಎಸ್ ಕಡ್ಡಾಯವಾಗಿರುವುದರಿಂದ ಇದು ಬರೀ ಕಾರಿನ ಮಾತಾಗಿ ಉಳಿದಿಲ್ಲ.

ಲಾರಿ, ಬಸ್ಸುಗಳ ಏರ್ ಬ್ರೇಕಿನ ತೊಂದರೆ ಬೇರೆ. ಕಾದ ಡ್ರಮ್ ಹಿಗ್ಗುತ್ತದೆ, ಲೈನರ್ ಅದನ್ನು ಮುಟ್ಟಲು ಗಾಳಿಯ ಒತ್ತಡ ತಳ್ಳುವ ಪುಶ್‌ರಾಡ್ ಇನ್ನಷ್ಟು ಮುಂದೆ ಬರಬೇಕಾಗುತ್ತದೆ. ಆ ದೂರವನ್ನು ಸರಿಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಮೊದಲೇ ಸಡಿಲವಾಗಿದ್ದರೆ ಆ ಹೆಚ್ಚಿನ ದೂರಕ್ಕೆ ಅವಕಾಶವೇ ಉಳಿದಿರುವುದಿಲ್ಲ. ಸಪಾಟು ರಸ್ತೆಯಲ್ಲಿ ಹಿಡಿದ ಬ್ರೇಕ್ ಅರಬೈಲಿನಲ್ಲಿ ಹಿಡಿಯದಿರಲು ಇದೂ ಒಂದು ಕಾರಣ. ಆಟೋಮ್ಯಾಟಿಕ್ ಅಡ್ಜಸ್ಟರ್‌ಗೆ ಪಾನಾ ಹಾಕಿ ಬಿಗಿ ಮಾಡಿ ಕಳಿಸುವುದು ರಿಪೇರಿಯಲ್ಲ. ಅದು ತಾನಾಗಿ ಏಕೆ ಬಿಗಿಯಾಗುತ್ತಿಲ್ಲ ಎಂದು ಹುಡುಕಬೇಕು.

ಎಂಜಿನ್ ಕಡೆಯೂ ಇದೇ ಕಥೆ. ಹೊಗೆ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್-6 ನಿಯಮ 2020ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ಹೊಗೆಕೊಳವೆಯಲ್ಲಿ ಸೆನ್ಸರ್‌ಗಳು ಹೆಚ್ಚಿದವು. ಸ್ಕ್ಯಾನರ್ ಪಿ0420 ಎಂಬ ದೋಷದ ಕೋಡ್ ತೋರಿಸಿದ ಕೂಡಲೇ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹೋಯಿತು ಎಂದು ದೊಡ್ಡ ಬಿಲ್ ಮಾಡುವವರಿದ್ದಾರೆ. ಸೆನ್ಸರಿನ ವೈರ್ ಅಥವಾ ಸೈಲೆನ್ಸರ್ ಜಾಯಿಂಟಿನ ಸಣ್ಣ ಸೋರಿಕೆಯಿಂದಲೂ ಅದೇ ಕೋಡ್ ಬರಬಹುದು. ಉಪ್ಪುಗಾಳಿಯ ನಮ್ಮೂರುಗಳಲ್ಲಿ ಕನೆಕ್ಟರ್ ಹಸಿರುಗಟ್ಟುವುದು, ಬ್ಯಾಟರಿಯ ನೆಗೆಟಿವನ್ನು ಎಂಜಿನ್, ಬಾಡಿಗೆ ಜೋಡಿಸುವ ಅರ್ಥ್ ಪಟ್ಟಿ ತುಕ್ಕು ಹಿಡಿಯುವುದು ಮಾಮೂಲು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ನೆಗೆಟಿವ್ ಮತ್ತು ಎಂಜಿನ್ ಬ್ಲಾಕ್ ನಡುವೆ ಮಲ್ಟಿಮೀಟರ್ ಅರ್ಧ ವೋಲ್ಟ್ ತೋರಿಸಿದರೆ, ಸೆನ್ಸರ್ ಬದಲಿಸುವ ಮೊದಲು ಅರ್ಥ್ ಬಿಚ್ಚಿ ಉಜ್ಜಬೇಕು. ಎರಡು ನಿಮಿಷದ ಈ ಪರೀಕ್ಷೆ ಗೊತ್ತಿಲ್ಲದ್ದಕ್ಕೆ ಗಿರಾಕಿ ಸಾವಿರಾರು ರೂಪಾಯಿ ಕಳೆದುಕೊಳ್ಳುತ್ತಾನೆ.

ಈಗಿರುವ ಪ್ರಮಾಣಪತ್ರಗಳ ಮಾತಿಗೆ ಬರೋಣ. ಐಟಿಐಯ ಮೋಟಾರು ವಾಹನ ಮೆಕ್ಯಾನಿಕ್ ಕೋರ್ಸ್ ಎರಡು ವರ್ಷದ್ದು. ಶಾಲೆ ಬಿಟ್ಟು ನೇರ ಗ್ಯಾರೇಜಿಗೆ ಬಂದು ಗುರುಗಳ ಕೈಕೆಳಗೆ ಕಲಿತವರಿಗೆ ಅದು ದಕ್ಕಿಲ್ಲ. ಅಂಥವರಿಗಾಗಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ ಆರ್‌ಪಿಎಲ್ ಇದೆ: ಮೊದಲೇ ಗೊತ್ತಿರುವ ಕೆಲಸವನ್ನು ಪರೀಕ್ಷಿಸಿ ಮಾನ್ಯತೆ ಕೊಡುವ ದಾರಿ. ದಾರಿ ಒಳ್ಳೆಯದೇ. ಆದರೆ ಕೆಲವು ಗಂಟೆ ಕೂರಿಸಿ, ಸರಿ ಉತ್ತರಕ್ಕೆ ಟಿಕ್ ಹಾಕಿಸಿ, ಟೀ ಶರ್ಟ್ ಕೊಟ್ಟು ಕಳಿಸಿದರೆ ಆ ಕಾಗದವನ್ನು ಗಿರಾಕಿಯೂ ನಂಬುವುದಿಲ್ಲ, ಮೆಕ್ಯಾನಿಕ್ಕೂ ಗೋಡೆಗೆ ಹಾಕುವುದಿಲ್ಲ. ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ಕಾರ್ಡ್ ನಾವು ಕಾರ್ಮಿಕರು ಎಂದು ಗುರುತಿಸುತ್ತದೆ, ಅದಕ್ಕೆ ಕೃತಜ್ಞರು. ನಮಗೆ ಯಾವ ಕೆಲಸ ಬರುತ್ತದೆ ಎಂದು ಅದು ಹೇಳುವುದಿಲ್ಲ.

ಅಮೆರಿಕದಲ್ಲಿ 1972ರಿಂದ ಎಎಸ್‌ಇ ಎಂಬ ಸಂಸ್ಥೆ ಮೆಕ್ಯಾನಿಕ್‌ಗಳಿಗೆ ಪರೀಕ್ಷೆ ನಡೆಸುತ್ತಿದೆ. ಕಡ್ಡಾಯವಲ್ಲ. ಬ್ರೇಕಿಗೆ ಬೇರೆ, ಎಂಜಿನ್ ರಿಪೇರಿಗೆ ಬೇರೆ, ವಿದ್ಯುತ್ ಕೆಲಸಕ್ಕೆ ಬೇರೆ ಪರೀಕ್ಷೆ. ಪಾಸಾದವರು ಕೆಲಸದ ಅನುಭವವನ್ನೂ ತೋರಿಸಬೇಕು, 5 ವರ್ಷಕ್ಕೊಮ್ಮೆ ನವೀಕರಿಸಬೇಕು. ವಿಭಾಗವಾರು ಪರೀಕ್ಷೆ, ಅವಧಿ ಮುಗಿಯುವ ಪ್ರಮಾಣಪತ್ರ, ಇವೆರಡನ್ನು ನಾವು ತೆಗೆದುಕೊಳ್ಳಬಹುದು. ಆದರೆ ಅಲ್ಲಿನದು ಪ್ರಶ್ನೆಪತ್ರಿಕೆಯ ಪರೀಕ್ಷೆ, ನಮ್ಮದು ಗಾಡಿಯ ಮುಂದೆ ನಡೆಯಬೇಕು. ಬೇಕೆಂದೇ ದೋಷ ಇಟ್ಟ ಒಂದು ಗಾಡಿ ನಿಲ್ಲಿಸಿ. ಆಯಿಲಿನ ತೇವ ಅಳೆಯಲಿ, ಡಿಸ್ಕಿನ ದಪ್ಪವನ್ನು ಮೈಕ್ರೋಮೀಟರಿನಲ್ಲಿ ನೋಡಿ ಡಿಸ್ಕ್ ಮೇಲೆ ಕೆತ್ತಿದ ಕನಿಷ್ಠ ಅಳತೆಗೆ ಹೋಲಿಸಲಿ, ಪಿನ್ ಬಿಚ್ಚಿ ಸರಿಯಾದ ಗ್ರೀಸ್ ಹಚ್ಚಲಿ, ಏರ್ ತೆಗೆಯಲಿ, ಚಕ್ರದ ನಟ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ ಕಂಪನಿ ಹೇಳಿದಷ್ಟೇ ಬಿಗಿ ಮಾಡಲಿ. ಪ್ರಶ್ನೆಗಳು ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಬಾಯಲ್ಲಿ ಕೇಳಲಿ. ಶಬ್ದ ಕೇಳಿಯೇ ಟ್ಯಾಪೆಟ್ ಸಡಿಲವೆಂದು ಹೇಳುವ ಹಿರಿಯರು ಬರಹದ ಪರೀಕ್ಷೆಯಲ್ಲಿ ಫೇಲಾದರೆ ತಪ್ಪು ಪರೀಕ್ಷೆಯದು.

ಇದನ್ನು ಏಕಾಏಕಿ ಕಡ್ಡಾಯ ಮಾಡಿ ಸಣ್ಣ ಗ್ಯಾರೇಜ್ ಮುಚ್ಚಿಸುವುದು ಬೇಡ. ಪ್ರಮಾಣಪತ್ರಕ್ಕೆ ಬೆಲೆ ಬರಲು ಬೇರೆ ಉಪಾಯವಿದೆ. ಸರ್ಕಾರಿ ಇಲಾಖೆಗಳ ಜೀಪು, ಆಂಬ್ಯುಲೆನ್ಸ್ ಮತ್ತು ಶಾಲಾ ವಾಹನಗಳ ಬ್ರೇಕ್ ಕೆಲಸವನ್ನು ಪ್ರಮಾಣಪತ್ರವಿರುವ ಮೆಕ್ಯಾನಿಕ್ ಇರುವ ಗ್ಯಾರೇಜಿಗೇ ಕೊಡಬೇಕು ಎಂದು ಆದೇಶವಾಗಲಿ. ಬಿಲ್ಲಿನ ಮೇಲೆ ಆ ಪ್ರಮಾಣಪತ್ರದ ಸಂಖ್ಯೆ ಬರಲಿ. ಉಳಿದದ್ದು ತಾನಾಗಿ ಆಗುತ್ತದೆ.

ಜಾಗ ಹುಡುಕಬೇಕಾಗಿಲ್ಲ. ಟಾಟಾ ಟೆಕ್ನಾಲಜೀಸ್ ಜತೆ ಸೇರಿ ರಾಜ್ಯ ಸರ್ಕಾರ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದೆ. ಜಿಲ್ಲೆಯ ಐಟಿಐ ವರ್ಕ್‌ಶಾಪ್‌ಗಳನ್ನು ಸಂಜೆ 6ರ ನಂತರ ಮತ್ತು ಭಾನುವಾರ ನಮಗೆ ತೆರೆದುಕೊಡಿ, ದಿನಗೂಲಿ ಬಿಟ್ಟು ಬರಲು ನಮ್ಮ ಹುಡುಗರಿಗೆ ಆಗುವುದಿಲ್ಲ. ಪರೀಕ್ಷಕರಲ್ಲಿ ಒಬ್ಬರಾದರೂ ಘಟ್ಟದ ಗಾಡಿಗಳ ಕೆಲಸ ಮಾಡಿದವರಿರಲಿ. ಐಟಿಐ ಪ್ರಾಂಶುಪಾಲರು, ಜಿಲ್ಲಾ ಕೌಶಲ್ಯಾಭಿವೃದ್ಧಿ ಅಧಿಕಾರಿ, ಕಾರವಾರ, ಶಿರಸಿ, ಹೊನ್ನಾವರ ಮತ್ತು ದಾಂಡೇಲಿಯ ಆರ್‌ಟಿಒ ಅಧಿಕಾರಿಗಳು ಹಾಗೂ ತಾಲ್ಲೂಕಿಗೆ ಇಬ್ಬರಂತೆ ಮೆಕ್ಯಾನಿಕ್‌ಗಳನ್ನು ಸೇರಿಸಿ ಮಳೆಗಾಲಕ್ಕೆ ಮೊದಲೇ ತಾವು ಒಂದು ಸಭೆ ಕರೆಯಬೇಕೆಂದು ಕೋರುತ್ತೇವೆ. ಬ್ರೇಕ್ ಪರೀಕ್ಷೆಯಲ್ಲಿ ಏನೇನಿರಬೇಕು ಎಂಬ ಪಟ್ಟಿಯನ್ನು ನಾವೇ ಬರೆದು ತರುತ್ತೇವೆ.

ಇತಿ,
ಉತ್ತರ ಕನ್ನಡದ ಗ್ಯಾರೇಜ್ ಕೆಲಸಗಾರರು