ಹಳ್ಳದ ಕೆಲಸಕ್ಕೆ ಬಂದವರಿಗೆಲ್ಲ ಥ್ಯಾಂಕ್ಸ್

ನಾವು ಕೈ ಹಾಕಿದ್ದ ಹಳ್ಳದ ಕೆಲಸ ಮುಗಿಯಿತು. ಮಳೆ ನಿಂತ ಮೇಲೂ ಪಕ್ಕದ ಜೌಗಿನಲ್ಲಿ ನೀರು ಉಳಿದಿದೆ. ಹೆಸರು ಹಾಕಬೇಡಿ ಅಂತ ಕೆಲವರು ಮೊದಲೇ ಹೇಳಿದ್ದಾರೆ. ಹಾಗಾಗಿ ಬರೀ ಕೆಲಸ ಹೇಳುತ್ತೇನೆ, ನಿಮ್ಮದು ಯಾವುದು ಅಂತ ನಿಮಗೇ ಗೊತ್ತಾಗುತ್ತದೆ.

ಮೊದಲು ಕಲ್ಲು ಹೊತ್ತವರಿಗೆ. ಹಳ್ಳದ ತಳದಲ್ಲಿ ಮೆಟ್ಟಿಲಿನಂಥ ಒಂದು ಇಳಿತ ಇತ್ತಲ್ಲ, ನೀರು ಅಲ್ಲಿ ಬಿದ್ದು ಬಿದ್ದು ಬುಡದ ಮಣ್ಣನ್ನು ಕೊರೆಯುತ್ತಿತ್ತು. ಜೋರು ಮಳೆ ಬಂದಾಗಲೆಲ್ಲ ಆ ಇಳಿತ ಇನ್ನಷ್ಟು ಮೇಲಕ್ಕೆ ಸರಿಯುತ್ತಿತ್ತು. ಹಳ್ಳ ಆಳವಾದಷ್ಟೂ ಅಕ್ಕಪಕ್ಕದ ನೀರೆಲ್ಲ ಅದರೊಳಗೆ ಬಸಿದು ಹೋಗುತ್ತದೆ. ಜೌಗು ಒಣಗುವುದು ಹೀಗೇ. ನೀವು ಇಳಿತಕ್ಕೆ ಕಲ್ಲು ಹಾಸಿದಿರಿ, ಅದರ ಕೆಳಗೆ ಹಳ್ಳಕ್ಕೆ ಅಡ್ಡಲಾಗಿ ಒಂದೇ ವರಸೆ ಕಲ್ಲು ಕೂರಿಸಿದಿರಿ. "ಇಷ್ಟೇನಾ? ಇನ್ನೆರಡು ವರಸೆ ಏರಿಸೋಣ" ಅಂತ ಎಲ್ಲರೂ ಕೇಳಿದವರೇ. ಎತ್ತರ ಮಾಡಿದರೆ ನೀರು ಮೇಲಿಂದ ಧುಮುಕಿ ಹೊಸ ಗುಂಡಿ ತೋಡುತ್ತದೆ. ತಗ್ಗಾಗಿದ್ದರೆ ನೀರಿನ ಓಟ ಕಮ್ಮಿಯಾಗಿ ಸಂದಿಯಲ್ಲಿ ಹೂಳು ಕೂರುತ್ತದೆ, ಹುಲ್ಲು ಬೇರು ಬಿಡುತ್ತದೆ. ಈಗ ಹೋಗಿ ನೋಡಿ, ಕಲ್ಲುಗಳು ಅರ್ಧ ಮುಚ್ಚಿಹೋಗಿವೆ. ಬೆನ್ನು ನೋಯಿಸಿಕೊಂಡು ಹೊತ್ತ ಕಲ್ಲು ಕಣ್ಣಿಗೆ ಕಾಣದಂತಾದರೇ ಇಲ್ಲಿ ಗೆದ್ದಂತೆ. ವಿಚಿತ್ರ ಅಲ್ವಾ?

ದಂಡೆಗೆ ನೆಡುವ ಕಡ್ಡಿಗಳ ಬುಡ ಓರೆಯಾಗಿ, ತುದಿ ಸಮವಾಗಿ ಕತ್ತರಿಸಿ ಕೊಟ್ಟ ಅಕ್ಕನಿಗೆ ವಿಶೇಷ ಥ್ಯಾಂಕ್ಸ್. ಎಲೆ ಇಲ್ಲದ ಕಡ್ಡಿಯಲ್ಲಿ ಬುಡ ಯಾವುದು, ತುದಿ ಯಾವುದು ಅಂತ ಹೊಸಬರಿಗೆ ತಿಳಿಯುವುದಿಲ್ಲ. ಹಾಗೆ ಕತ್ತರಿಸಿರದಿದ್ದರೆ ಎಷ್ಟು ಕಡ್ಡಿ ತಲೆಕೆಳಗಾಗಿ ನೆಲಕ್ಕೆ ಹೋಗುತ್ತಿದ್ದವೋ!

ಬ್ರಶ್ ಹಿಡಿದು ನಿಂತು ಎಲ್ಲರ ಬೂಟಿನ ಮಣ್ಣು ಉಜ್ಜಿಸಿದವರಿಗೂ. ಆವತ್ತು ಗೊಣಗಿದ್ದೆವು, ನಿಜ. ಕಳೆ ಬೀಜ ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವುದು ಆ ಮಣ್ಣಿನಲ್ಲೇ. ಸರ್ಕಾರಿ ಜಾಗ ಅಂದಮೇಲೆ ಒಂದು ಕಲ್ಲು ಕದಲಿಸಲೂ ಅನುಮತಿ ಬೇಕು. ಆ ಕಾಗದಗಳ ಹಿಂದೆ ಓಡಾಡಿದವರಿಗೆ ಸಲಾಂ, ಆ ಕೆಲಸ ನನ್ನ ಕೈಲಂತೂ ಆಗುತ್ತಿರಲಿಲ್ಲ.

ಆದರೆ ಎಲ್ಲರಿಗಿಂತ ಜಾಸ್ತಿ ಋಣ ಇರುವುದು ನೆರೆ ಬಂದು ಹೋದ ಮೇಲೆ ಬಂದವರದು. ಫೆಬ್ರುವರಿ 2ರಂದು, ವಿಶ್ವ ಜೌಗು ಪ್ರದೇಶಗಳ ದಿನಕ್ಕೆ, ಜನ ತಾವಾಗೇ ಸೇರುತ್ತಾರೆ. (1971ರಲ್ಲಿ ಇರಾನಿನ ರಾಮ್ಸರ್‌ನಲ್ಲಿ ಜೌಗು ಪ್ರದೇಶಗಳ ಒಪ್ಪಂದ ಆಗಿದ್ದು ಆವತ್ತೇ.) ಫೋಟೋಗಳೂ ಆವತ್ತಿನವೇ. ನಾವು ಹಳ್ಳದಲ್ಲಿ ಹೊಡೆದಿದ್ದ ಗೂಟ, ಅದಕ್ಕೆ ಹೆಣೆದಿದ್ದ ಸೊಪ್ಪುಸದೆ ಎಲ್ಲ ನೆರೆ ಕಿತ್ತುಕೊಂಡು ಹೋದಾಗ ಯಾರೂ ಕರೆದಿರಲಿಲ್ಲ. ಆದರೂ ನೀವು ಬಂದಿರಿ. ಸಿಕ್ಕ ಗೂಟ ಹೆಕ್ಕಿ, ಮತ್ತೆ ಹೊಡೆದು, ಸದೆ ಹೆಣೆದು, ಸುಮ್ನೆ ಮನೆಗೆ ಹೋದಿರಿ. ಒಂದು ಫೋಟೋ ಕೂಡ ಇಲ್ಲ. ಅದಕ್ಕೇ ಇದನ್ನು ಬರೆದಿಟ್ಟೆ.

ಅಂದಹಾಗೆ, ಎರಡು ಸನಿಕೆ, ಒಂದು ಸುತ್ತಿಗೆ ನನ್ನ ಹತ್ತಿರ ಉಳಿದಿವೆ. ಯಾರದ್ದು ಅಂತ ಹೇಳಿ, ತಂದುಕೊಡುತ್ತೇನೆ.